ರಿಡೈರೆಕ್ಟ್ ಲೂಪ್: ಯಾರು ಕಳಿಸುತ್ತಿದ್ದಾರೆ, ಏನೆಂದುಕೊಂಡು?

ಸೈಟ್ ತೆರೆಯುವುದಿಲ್ಲ. ಕ್ರೋಮ್‌ನಲ್ಲಿ ನೋಡಿದರೆ ತುಂಬಾ ಸಲ ರಿಡೈರೆಕ್ಟ್ ಆಯಿತು, ಕುಕಿ ಅಳಿಸಿ ನೋಡಿ ಎಂಬ ಸಂದೇಶ. ಫೈರ್‌ಫಾಕ್ಸ್‌ನಲ್ಲಿ ಪುಟ ಸರಿಯಾಗಿ ರಿಡೈರೆಕ್ಟ್ ಆಗುತ್ತಿಲ್ಲ ಎಂಬ ದೂರು. ಕುಕಿ ಅಳಿಸಿದರೂ ಅದೇ ಕಥೆ. ಇತ್ತ ಸರ್ವರ್ ಆರಾಮವಾಗಿ ಓಡುತ್ತಿದೆ. ಸಿಪಿಯು ಮೇಲೆ ಭಾರ ಇಲ್ಲ, ಡೇಟಾಬೇಸ್ ಸರಿ ಇದೆ, ಎರರ್ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಮೊದಲ ಸಲ ಇದನ್ನು ನೋಡಿದವರು ಗಾಬರಿಯಾಗುವುದು ಇಲ್ಲೇ. ಯಾವುದೂ ಕೆಟ್ಟಿಲ್ಲ, ಆದರೂ ಸೈಟ್ ಬರುತ್ತಿಲ್ಲ.

ಎರರ್ ಲಾಗ್ ಖಾಲಿ ಇರುವುದಕ್ಕೆ ಕಾರಣ ಇದೆ. ಸರ್ವರ್ ಲೆಕ್ಕದಲ್ಲಿ ಯಾವ ತಪ್ಪೂ ನಡೆದಿಲ್ಲ. ಬಂದ ಪ್ರತಿ ರಿಕ್ವೆಸ್ಟ್‌ಗೂ ಅದು ಉತ್ತರ ಕೊಟ್ಟಿದೆ: ‘ಇಲ್ಲಿಲ್ಲ, ಆ ವಿಳಾಸಕ್ಕೆ ಹೋಗು.’ ಬ್ರೌಸರ್ ಅಲ್ಲಿಗೆ ಹೋಗಿದೆ. ಅಲ್ಲಿಂದಲೂ ಅಂಥದ್ದೇ ಉತ್ತರ. ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಕೊನೆಗೆ ಬ್ರೌಸರ್ರೇ ಸಾಕು ಎಂದು ನಿಂತಿದೆ. ದೂರು ಬಂದಿರುವುದು ಬ್ರೌಸರ್ ಕಡೆಯಿಂದ, ಸರ್ವರ್ ಕಡೆಯಿಂದ ಅಲ್ಲ.

ಇಂಥ ಲೂಪ್‌ಗಳನ್ನು ಬಿಡಿಸುತ್ತಾ ನಾನು ಕಲಿತದ್ದು ಇಷ್ಟು. ಲೂಪ್ ಇದೆ ಎಂದರೆ, ಒಂದೇ ವಿಳಾಸದ ಬಗ್ಗೆ ಎರಡು ಕಡೆ ಎರಡು ನಂಬಿಕೆ ಇದೆ. ಅಥವಾ ತಾನು ಹೇಳಿದ ಕೆಲಸ ಆಗಿಹೋಗಿದೆ ಎನ್ನುವುದು ಹೇಳಿದವನಿಗೇ ಕಾಣುತ್ತಿಲ್ಲ. ಹಾಗಾಗಿ ಕಾನ್ಫಿಗ್ ಫೈಲ್‌ಗೆ ಕೈ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ರಿಡೈರೆಕ್ಟ್ ಯಾರು ಕಳಿಸುತ್ತಿದ್ದಾರೆ? ಏನೆಂದುಕೊಂಡು ಕಳಿಸುತ್ತಿದ್ದಾರೆ?

ಮೊದಲು ಸ್ವಲ್ಪ ಅಡಿಪಾಯ

ಸರ್ವರ್ ರಿಡೈರೆಕ್ಟ್ ಮಾಡುವುದೆಂದರೆ ಎರಡು ವಿಷಯ ಕಳಿಸುವುದು. ಒಂದು, 301 ಅಥವಾ 302 ಥರದ ಸ್ಟೇಟಸ್ ಸಂಖ್ಯೆ. ಇನ್ನೊಂದು, ಲೊಕೇಶನ್ ಎಂಬ ಹೆಡರ್, ಅಂದರೆ ಉತ್ತರದ ಜೊತೆ ಹೋಗುವ ಒಂದು ಮಾಹಿತಿ ಸಾಲು. ಹೋಗಬೇಕಾದ ವಿಳಾಸ ಅದರಲ್ಲಿರುತ್ತದೆ. 301 ಅಂದರೆ ಶಾಶ್ವತವಾಗಿ ಬದಲಾಗಿದೆ ಎಂದು. 302 ಅಂದರೆ ಸದ್ಯಕ್ಕೆ ಮಾತ್ರ. 308 ಮತ್ತು 307 ಇವೇ ಎರಡರ ಜೋಡಿಗಳು. ಆದರೆ ಅವುಗಳಲ್ಲಿ ಪೋಸ್ಟ್ ಆಗಿ (ಫಾರ್ಮ್ ತುಂಬಿ ಕಳಿಸುವ ಥರ) ಬಂದ ರಿಕ್ವೆಸ್ಟ್ ಮುಂದೆಯೂ ಪೋಸ್ಟ್ ಆಗಿಯೇ ಹೋಗುತ್ತದೆ, ನಡುವೆ ಗೆಟ್ (ಬರೀ ಪುಟ ಕೇಳುವ ರಿಕ್ವೆಸ್ಟ್) ಆಗಿ ಬದಲಾಗುವುದಿಲ್ಲ.

ಬ್ರೌಸರ್ ಹೊಸ ವಿಳಾಸಕ್ಕೆ ಹೋದಾಗ ಅದು ಪೂರ್ತಿ ಹೊಸ ರಿಕ್ವೆಸ್ಟ್. ಬ್ರೌಸರ್, ಸರ್ವರ್ ಮಾತಾಡಿಕೊಳ್ಳುವ ಪದ್ಧತಿಯಾದ ಎಚ್‌ಟಿಟಿಪಿಗೆ ನೆನಪು ಎಂಬುದೇ ಇಲ್ಲ. ‘ಈಗ ತಾನೇ ನಿನ್ನನ್ನು ಕಳಿಸಿದ್ದೆನಲ್ಲ, ಮತ್ತೆ ಯಾಕೆ ಬಂದೆ?’ ಎಂದು ಕೇಳಲು ಸರ್ವರ್‌ಗೆ ಆಗುವುದಿಲ್ಲ. ಎಣಿಸುವ ಕೆಲಸ ಪೂರ್ತಿ ಬ್ರೌಸರ್ ಪಾಲಿನದು. ಕ್ರೋಮ್, ಫೈರ್‌ಫಾಕ್ಸ್ ಎರಡೂ 20 ಸಲ ಸುತ್ತಿ ಕೈಬಿಡುತ್ತವೆ. ಕಮಾಂಡ್ ಸಾಲಿನಿಂದ ವೆಬ್ ವಿಳಾಸ ಕೇಳುವ ಉಪಕರಣವಾದ ಕರ್ಲ್‌ಗೆ ರಿಡೈರೆಕ್ಟ್ ಹಿಂಬಾಲಿಸು ಎಂದು ಹೇಳಿದರೆ ಅದು 50ರವರೆಗೆ ಹೋಗುತ್ತದೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯ ಮಿತಿ 30. 1997ರಲ್ಲಿ ಬಂದ ಎಚ್‌ಟಿಟಿಪಿ 1.1ರ ಮೊದಲ ನಿಯಮಾವಳಿ ಐದಕ್ಕಿಂತ ಜಾಸ್ತಿ ಸಲ ತಾನಾಗಿ ಹಿಂಬಾಲಿಸಬೇಡಿ, ಅದು ಬಹುಪಾಲು ಲೂಪ್ ಆಗಿರುತ್ತದೆ ಎಂದಿತ್ತು. ಆಮೇಲೆ ಆ ಸಂಖ್ಯೆಯನ್ನು ಕೈಬಿಟ್ಟರು. ಲೂಪ್ ಕಂಡುಹಿಡಿಯುವ ಹೊಣೆ ಮಾತ್ರ ಇಂದಿಗೂ ಕೇಳುವವರ ಕಡೆಯೇ ಇದೆ.

ಕಾನ್ಫಿಗ್ ಮುಟ್ಟುವ ಮುಂಚೆ ಹೆಜ್ಜೆ ಬರೆದುಕೊಳ್ಳಿ

ಬ್ರೌಸರ್‌ನಲ್ಲಿ ರಿಫ್ರೆಶ್ ಒತ್ತುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ಅದು 20 ಹೆಜ್ಜೆಯನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸಿಬಿಡುತ್ತದೆ. ಅದರ ಜೊತೆಗೆ ಹಳೆಯ ಕ್ಯಾಶ್ (ಉಳಿಸಿಟ್ಟುಕೊಂಡ ಉತ್ತರಗಳು), ಕುಕಿ ಎಲ್ಲವನ್ನೂ ಸೇರಿಸಿಕೊಂಡಿರುತ್ತದೆ. ಕರ್ಲ್ ತೆಗೆದುಕೊಳ್ಳಿ. ಹಿಂಬಾಲಿಸು ಎಂದು ಹೇಳಬೇಡಿ. ಹೆಡರ್ ಮಾತ್ರ ತೋರಿಸುವ ಆಯ್ಕೆ ಕೊಟ್ಟು ಒಂದೊಂದೇ ವಿಳಾಸ ಕೇಳಿ. ಲೊಕೇಶನ್‌ನಲ್ಲಿ ಬಂದದ್ದನ್ನು ಕಾಪಿ ಮಾಡಿ, ಮುಂದಿನ ಸಲ ಅದನ್ನೇ ಕೇಳಿ. ಪ್ರತಿ ಹೆಜ್ಜೆಯನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ನಾನು ಈಗಲೂ ಹಾಳೆಯಲ್ಲೇ ಬರೆಯುತ್ತೇನೆ. ಮೂರು ಸಾಲು ಬರೆಯುವಷ್ಟರಲ್ಲಿ ಅರ್ಧ ಉತ್ತರ ಸಿಕ್ಕಿರುತ್ತದೆ.

ಒಂದು ಎಚ್ಚರಿಕೆ. ಹೆಡರ್ ಮಾತ್ರ ಕೇಳಿದಾಗ ಕರ್ಲ್ ಗೆಟ್ ಬದಲು ಹೆಡ್ ರಿಕ್ವೆಸ್ಟ್ ಕಳಿಸುತ್ತದೆ. ಕೆಲವು ಆ್ಯಪ್‌ಗಳು ಹೆಡ್‌ಗೆ ಬೇರೆ ಥರ ಉತ್ತರ ಕೊಡುತ್ತವೆ. ಸಂಶಯ ಬಂದರೆ ಮಾಮೂಲಿ ಗೆಟ್ ಕಳಿಸಿ, ಪುಟದ ಒಡಲನ್ನು ಎಸೆದು ಹೆಡರ್ ಮಾತ್ರ ಉಳಿಸಿಕೊಳ್ಳಿ.

ಹಾಳೆಯ ಮೇಲೆ ಬರುವ ಚಿತ್ರ ಸಾಮಾನ್ಯವಾಗಿ ಮೂರು ಥರ. ವಿಳಾಸ ತನ್ನನ್ನೇ ತೋರಿಸುತ್ತಿದ್ದರೆ, ಅಂದರೆ ಕೇಳಿದ್ದೂ ಅದೇ, ಲೊಕೇಶನ್‌ನಲ್ಲಿ ಬಂದದ್ದೂ ಅದೇ ಆಗಿದ್ದರೆ, ಯಾರಿಗೋ ಕೆಲಸ ಮುಗಿದದ್ದು ಕಾಣುತ್ತಿಲ್ಲ ಎಂದು ಅರ್ಥ. ಎರಡು ವಿಳಾಸ ಒಂದನ್ನೊಂದು ತೋರಿಸುತ್ತಿದ್ದರೆ ಇಬ್ಬರ ನಡುವೆ ಹಗ್ಗಜಗ್ಗಾಟ. ಇನ್ನು ಪ್ರತಿ ಹೆಜ್ಜೆಗೂ ವಿಳಾಸ ಉದ್ದವಾಗುತ್ತಾ ಹೋದರೆ, ಭಾಷೆಯ ಫೋಲ್ಡರ್ ಹೆಸರು ಎರಡು ಸಲ, ಮೂರು ಸಲ, ನಾಲ್ಕು ಸಲ ಹೀಗೆ ಸೇರುತ್ತಿದ್ದರೆ, ಯಾವುದೋ ನಿಯಮ ‘ಇದು ಈಗಾಗಲೇ ಸೇರಿದೆಯಾ?’ ಎಂದು ನೋಡದೆ ಸೇರಿಸುತ್ತಿದೆ. ಅದಕ್ಕೆ ಒಂದು ಷರತ್ತು ಹಾಕಿದರೆ ಮುಗಿಯಿತು.

ಮೊದಲ ಎರಡಕ್ಕೆ ಸ್ವಲ್ಪ ಹೊತ್ತು ಬೇಕು.

ಬಾಗಿಲಲ್ಲಿ ಬೀಗ ತೆಗೆದವರು ಬೇರೆ, ಒಳಗೆ ಕೂತವರು ಬೇರೆ

ನಾನು ಕಂಡ ಲೂಪ್‌ಗಳಲ್ಲಿ ಜಾಸ್ತಿ ಬಂದಿರುವುದು ಇದೇ. ಸೈಟ್ ಮುಂದೆ ಒಂದು ಲೋಡ್ ಬ್ಯಾಲೆನ್ಸರ್ (ಬಂದ ರಿಕ್ವೆಸ್ಟ್‌ಗಳನ್ನು ಒಳಗಿನ ಸರ್ವರ್‌ಗಳಿಗೆ ಹಂಚುವುದು) ಅಥವಾ ಸಿಡಿಎನ್ (ಸೈಟ್‌ನ ಉತ್ತರಗಳನ್ನು ಇಟ್ಟುಕೊಂಡು ಮುಂದೆ ನಿಂತು ಕೊಡುವ ಸರ್ವರ್‌ಗಳ ಜಾಲ) ಇರುತ್ತದೆ. ಬ್ರೌಸರ್‌ನಿಂದ ಅಲ್ಲಿಯವರೆಗೆ ಎಚ್‌ಟಿಟಿಪಿಎಸ್, ಅಂದರೆ ಎನ್‌ಕ್ರಿಪ್ಟ್ ಆದ ಎಚ್‌ಟಿಟಿಪಿ. ಅಲ್ಲಿ ಎನ್‌ಕ್ರಿಪ್ಷನ್ ಬಿಚ್ಚಿ, ಒಳಗಿನ ಸರ್ವರ್‌ಗೆ ಮಾಮೂಲಿ ಎಚ್‌ಟಿಟಿಪಿಯಲ್ಲಿ, ಪೋರ್ಟ್ 80ಕ್ಕೆ ಕಳಿಸುತ್ತಾರೆ. ಒಳಗಿನ ಸರ್ವರ್‌ನಲ್ಲಿ ಒಂದು ನಿಯಮ ಇರುತ್ತದೆ: ಎಚ್‌ಟಿಟಿಪಿಯಲ್ಲಿ ಬಂದವರನ್ನು ಎಚ್‌ಟಿಟಿಪಿಎಸ್‌ಗೆ ಕಳಿಸು.

ಈಗ ನೋಡಿ. ಬಳಕೆದಾರರು ಎಚ್‌ಟಿಟಿಪಿಎಸ್‌ನಲ್ಲೇ ಬಂದಿದ್ದಾರೆ. ಒಳಗಿನ ಸರ್ವರ್‌ಗೆ ಕಾಣುವುದು ಎಚ್‌ಟಿಟಿಪಿ. ‘ಎಚ್‌ಟಿಟಿಪಿಎಸ್‌ಗೆ ಹೋಗಿ’ ಎನ್ನುತ್ತದೆ. ಬ್ರೌಸರ್ ಮತ್ತೆ ಎಚ್‌ಟಿಟಿಪಿಎಸ್‌ನಲ್ಲೇ ಬರುತ್ತದೆ. ಮುಂದಿನವರು ಮತ್ತೆ ಬಿಚ್ಚಿ ಎಚ್‌ಟಿಟಿಪಿಯಲ್ಲಿ ಕಳಿಸುತ್ತಾರೆ. ಒಳಗಿನವರು ಮತ್ತೆ ಅದೇ ಮಾತು. ಹಾಳೆಯ ಮೇಲೆ ವಿಳಾಸ ತನ್ನನ್ನೇ ತೋರಿಸುತ್ತಾ ಕೂತಿರುತ್ತದೆ.

ಒಂದು ರಾತ್ರಿ ಇದೇ ಲೂಪ್ ಮುಂದೆ ನಾನು ಎರಡು ಗಂಟೆ ಕೂತಿದ್ದೆ. ಒಂದು ಸೈಟನ್ನು ಹೊಸ ಲೋಡ್ ಬ್ಯಾಲೆನ್ಸರ್ ಹಿಂದೆ ಇಟ್ಟಿದ್ದೆವು. ಆಕ್ಸೆಸ್ ಲಾಗ್ ತೆರೆದರೆ ಒಂದೇ ಸೆಕೆಂಡಿನಲ್ಲಿ 20 ಸಾಲು. ಅದೇ ಐಪಿ, ಅದೇ ಪುಟ, ಎಲ್ಲದಕ್ಕೂ 301. ಸಾಲುಗಳ ನಡುವೆ ಒಂದಕ್ಷರದ ವ್ಯತ್ಯಾಸವೂ ಇಲ್ಲ. ಎಷ್ಟು ಹೊತ್ತು ನೋಡಿದರೂ ಏನೂ ಹೊಳೆಯಲಿಲ್ಲ. ಆಮೇಲೆ ಅರ್ಥವಾಯಿತು: ನಮ್ಮ ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್ ಮಾಮೂಲಾಗಿ ಬರೆಯುವ ಲಾಗ್ ಸಾಲಿನಲ್ಲಿ ರಿಕ್ವೆಸ್ಟ್ ಎಚ್‌ಟಿಟಿಪಿಯಲ್ಲಿ ಬಂತೋ ಎಚ್‌ಟಿಟಿಪಿಎಸ್‌ನಲ್ಲಿ ಬಂತೋ ಇರುವುದಿಲ್ಲ. ಯಾವ ಡೊಮೇನ್ ಕೇಳಿದರು ಎನ್ನುವುದೂ ಇರುವುದಿಲ್ಲ. ಎಲ್ಲಿಗೆ ಕಳಿಸಿದೆವು ಎನ್ನುವುದಂತೂ ಇಲ್ಲವೇ ಇಲ್ಲ. ಲೂಪ್ ಬಿಡಿಸಲು ಬೇಕಾದ ಮೂರೂ ವಿಷಯ ಲಾಗ್‌ನಲ್ಲಿ ಇರಲಿಲ್ಲ!

ಲಾಗ್ ಫಾರ್ಮ್ಯಾಟ್‌ಗೆ ನಾಲ್ಕು ವಿಷಯ ಸೇರಿಸಿದೆ. ಸ್ಕೀಮ್ (ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎನ್ನುವುದು), ಹೋಸ್ಟ್ (ಕೇಳಿದ ಡೊಮೇನ್), ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರ್‌ನಲ್ಲಿ ಬಂದ ಮೌಲ್ಯ, ಮತ್ತು ನಾವು ಕಳಿಸಿದ ಲೊಕೇಶನ್. ರಿಲೋಡ್ ಮಾಡಿ ಮತ್ತೊಮ್ಮೆ ಪುಟ ಕೇಳಿದೆ. ಈ ಸಲ ಸಾಲು ಮಾತಾಡಿತು: ಸ್ಕೀಮ್ ಎಚ್‌ಟಿಟಿಪಿ, ಫಾರ್ವರ್ಡೆಡ್ ಪ್ರೋಟೋ ಕೂಡ ಎಚ್‌ಟಿಟಿಪಿ, ಲೊಕೇಶನ್ ಮಾತ್ರ ಎಚ್‌ಟಿಟಿಪಿಎಸ್.

ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಎನ್ನುವುದು ಮುಂದಿನವರು ಒಳಗಿನವರಿಗೆ ಕಳಿಸುವ ಚೀಟಿ ಇದ್ದ ಹಾಗೆ. ‘ನನ್ನ ಹತ್ತಿರ ಇವರು ಎಚ್‌ಟಿಟಿಪಿಎಸ್‌ನಲ್ಲೇ ಬಂದಿದ್ದರು’ ಎಂದು ಅದರಲ್ಲಿ ಬರೆದಿರಬೇಕು. ನಮ್ಮ ಲೋಡ್ ಬ್ಯಾಲೆನ್ಸರ್ ಅದನ್ನು ಸರಿಯಾಗಿಯೇ ಬರೆದು ಕಳಿಸುತ್ತಿತ್ತು. ಆದರೆ ಅದಕ್ಕೂ ಆ್ಯಪ್‌ಗೂ ನಡುವೆ ಎರಡು ಎಂಜಿನ್‌ಎಕ್ಸ್ ಇದ್ದವು. ಮೊದಲನೆಯದರಲ್ಲಿ ಎಲ್ಲರೂ ಕಾಪಿ ಮಾಡುವ ಆ ಪ್ರಸಿದ್ಧ ಸಾಲು ಇತ್ತು: ಫಾರ್ವರ್ಡೆಡ್ ಪ್ರೋಟೋ ಹೆಡರ್‌ಗೆ ನನ್ನ ಸ್ಕೀಮ್ ಹಾಕು. ಅದರ ಸ್ಕೀಮ್ ಯಾವುದು? ಎಚ್‌ಟಿಟಿಪಿ. ಬಂದ ಚೀಟಿಯ ಮೇಲಿನ ಎಚ್‌ಟಿಟಿಪಿಎಸ್ ಒರೆಸಿ ಎಚ್‌ಟಿಟಿಪಿ ಎಂದು ಬರೆದು ಎರಡನೆಯದಕ್ಕೆ ಕೊಟ್ಟಿತ್ತು. ಆ ಸಾಲು ಹೊರಗಿನ ಬಾಗಿಲಲ್ಲಿ ನಿಂತ ಎಂಜಿನ್‌ಎಕ್ಸ್‌ನಲ್ಲಿ ಸರಿ. ನಡುವೆ ನಿಂತದ್ದರಲ್ಲಿ ತಪ್ಪು. ಅಲ್ಲಿ ಬಂದ ಹೆಡರನ್ನು ಹಾಗೇ ಮುಂದಕ್ಕೆ ದಾಟಿಸಬೇಕು. ಒಂದು ಪದ ಬದಲಿಸಿದೆ, ಸೈಟ್ ತೆರೆಯಿತು.

ಹಾಗಾದರೆ ಸಾಮಾನ್ಯ ಪರಿಹಾರ ಏನು? ಒಳಗಿನ ಸರ್ವರ್ ‘ನನಗೆ ಹೇಗೆ ಬಂತು’ ಎಂದು ನೋಡಬಾರದು. ‘ಬಳಕೆದಾರರು ಹೇಗೆ ಬಂದರು’ ಎಂದು ನೋಡಬೇಕು. ಎಂಜಿನ್‌ಎಕ್ಸ್‌ನಲ್ಲಿ ಸ್ಕೀಮ್ ಬದಲು ಫಾರ್ವರ್ಡೆಡ್ ಪ್ರೋಟೋ ಹೆಡರ್ ಮೇಲೆ ಷರತ್ತು ಹಾಕಿ. ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್‌ನಲ್ಲಿ ರಿರೈಟ್ ಕಂಡೀಷನ್ (ನಿಯಮಕ್ಕೆ ಹಾಕುವ ಷರತ್ತು) ‘ಎಚ್‌ಟಿಟಿಪಿಎಸ್ ಆಫ್ ಇದೆಯಾ’ ಎಂದು ಕೇಳುತ್ತಿದ್ದರೆ, ಅದೇ ಹೆಡರನ್ನು ಕೇಳುವ ಹಾಗೆ ಬದಲಿಸಿ. ಆ್ಯಪ್‌ಗೂ ಇದನ್ನು ಹೇಳಬೇಕು. ಆ್ಯಪ್ ಕಟ್ಟಲು ಬಳಸುವ ಎಕ್ಸ್‌ಪ್ರೆಸ್‌ನಲ್ಲಿ ಟ್ರಸ್ಟ್ ಪ್ರಾಕ್ಸಿ (ಪ್ರಾಕ್ಸಿ ಎಂದರೆ ಮುಂದೆ ನಿಂತು ರಿಕ್ವೆಸ್ಟ್ ದಾಟಿಸುವ ಸರ್ವರ್) ಎಂಬ ಸೆಟ್ಟಿಂಗ್ ಇದೆ. ಅಂಥದ್ದೇ ಆದ ಜ್ಯಾಂಗೋದಲ್ಲಿ ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್ ಇದೆ. ವರ್ಡ್‌ಪ್ರೆಸ್‌ನಲ್ಲಿ ಕಾನ್ಫಿಗ್ ಫೈಲ್‌ನ ಮೇಲ್ಭಾಗದಲ್ಲೇ ಆ ಹೆಡರ್ ನೋಡಿ ಎಚ್‌ಟಿಟಿಪಿಎಸ್ ಆನ್ ಎಂದು ಹೇಳುವ ಎರಡು ಸಾಲು ಬರೆಯಬೇಕಾಗುತ್ತದೆ.

ಇಲ್ಲಿ ಸುರಕ್ಷತೆಯ ಮಾತೊಂದಿದೆ, ದಯವಿಟ್ಟು ಬಿಡಬೇಡಿ. ಆ ಹೆಡರನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ಹಾಗಾಗಿ ಹೊರಗಿನ ಬಾಗಿಲಲ್ಲಿರುವ ಪ್ರಾಕ್ಸಿ, ಹೊರಗಿನಿಂದ ಬಂದ ಹೆಡರನ್ನು ಅಳಿಸಿ ತನ್ನದನ್ನು ಬರೆಯಬೇಕು. ಒಳಗಿನ ಸರ್ವರ್‌ಗೆ ಇಂಟರ್‌ನೆಟ್‌ನಿಂದ ನೇರ ದಾರಿ ಇರಬಾರದು.

ಕ್ಲೌಡ್‌ಫ್ಲೇರ್ ಎಂಬ ಸಿಡಿಎನ್ ಬಳಸುವವರು ಇದೇ ಲೂಪನ್ನು ಇನ್ನೊಂದು ರೂಪದಲ್ಲಿ ನೋಡುತ್ತಾರೆ. ಅಲ್ಲಿ ಎನ್‌ಕ್ರಿಪ್ಷನ್ ಮೋಡ್ ‘ಫ್ಲೆಕ್ಸಿಬಲ್’ ಎಂದಿದ್ದರೆ ಕ್ಲೌಡ್‌ಫ್ಲೇರ್‌ನಿಂದ ನಿಮ್ಮ ಸರ್ವರ್‌ವರೆಗಿನ ದಾರಿ ಎಚ್‌ಟಿಟಿಪಿ. ನಿಮ್ಮ ಸರ್ವರ್ ಎಚ್‌ಟಿಟಿಪಿಎಸ್‌ಗೆ ಕಳಿಸುತ್ತಿದ್ದರೆ ಲೂಪ್ ಗ್ಯಾರಂಟಿ. ಸರ್ವರ್‌ನ ನಿಯಮ ತೆಗೆದುಹಾಕಿದರೂ ಲೂಪ್ ನಿಲ್ಲುತ್ತದೆ, ಆದರೆ ಅರ್ಧ ದಾರಿ ಬಯಲಲ್ಲೇ ಉಳಿಯುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಸರ್ಟಿಫಿಕೇಟ್ ಪುಕ್ಕಟೆ ಸಿಗುವಾಗ, ಸರ್ವರ್‌ನಲ್ಲೂ ಒಂದು ಹಾಕಿ ಮೋಡನ್ನು ‘ಫುಲ್ ಸ್ಟ್ರಿಕ್ಟ್’ ಮಾಡಿ. ಲೂಪೂ ಹೋಗುತ್ತದೆ, ದಾರಿಯೂ ಭದ್ರವಾಗುತ್ತದೆ.

ಮೂರು ಡಬ್ಲ್ಯು ಜಗಳ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತೇವಲ್ಲ, ಈ ಲೂಪ್ ಥೇಟ್ ಹಾಗೇ. ಎಂಜಿನ್‌ಎಕ್ಸ್‌ನಲ್ಲಿ ಯಾರೋ ಬರೆದಿರುತ್ತಾರೆ: ಮೂರು ಡಬ್ಲ್ಯು ಇದ್ದರೆ ತೆಗೆದು ಕಳಿಸು. ವರ್ಡ್‌ಪ್ರೆಸ್ ಸೆಟ್ಟಿಂಗ್‌ನಲ್ಲಿ ಸೈಟ್ ವಿಳಾಸ ಮೂರು ಡಬ್ಲ್ಯು ಸಹಿತ ಇರುತ್ತದೆ. ವರ್ಡ್‌ಪ್ರೆಸ್ ತನ್ನ ವಿಳಾಸಕ್ಕೆ ಹೊಂದದ ರಿಕ್ವೆಸ್ಟ್ ಬಂದರೆ ತಾನೇ ಸರಿಯಾದ ವಿಳಾಸಕ್ಕೆ ಕಳಿಸುತ್ತದೆ. ಇದು ಸೇರಿಸುತ್ತದೆ, ಅದು ತೆಗೆಯುತ್ತದೆ.

ಯಾರ ಉತ್ತರ ಯಾವುದು ಎಂದು ಹೆಡರ್ ನೋಡಿದರೆ ಬಹಳ ಸಲ ತಿಳಿಯುತ್ತದೆ. ವರ್ಡ್‌ಪ್ರೆಸ್ ಕಳಿಸುವ ಇಂಥ ರಿಡೈರೆಕ್ಟ್‌ನಲ್ಲಿ ಎಕ್ಸ್-ರಿಡೈರೆಕ್ಟ್-ಬೈ ಎಂಬ ಹೆಡರ್ ಇರುತ್ತದೆ, ಅದರಲ್ಲಿ ವರ್ಡ್‌ಪ್ರೆಸ್ ಎಂದು ಹೆಸರೇ ಬರೆದಿರುತ್ತದೆ. ಎಲ್ಲ ಸಾಫ್ಟ್‌ವೇರ್‌ಗಳೂ ಹೀಗೆ ಸಹಿ ಹಾಕಿದರೆ ಎಷ್ಟು ಚೆನ್ನಾಗಿತ್ತು. ನಿಮ್ಮದೇ ಎಂಜಿನ್‌ಎಕ್ಸ್ ನಿಯಮಗಳಿಗೂ ಇಂಥ ಒಂದು ಹೆಡರ್ ಸೇರಿಸಿಕೊಳ್ಳಬಹುದು. ಒಂದೇ ಸಾಲಿನ ಕೆಲಸ, ಮುಂದೆ ಗಂಟೆಗಳನ್ನು ಉಳಿಸುತ್ತದೆ.

ಇದೇ ಜಗಳದ ಇನ್ನೊಂದು ರೂಪದಲ್ಲಿ ಎರಡನೆಯವರೇ ಇರುವುದಿಲ್ಲ, ಹಾಗಾಗಿ ಹುಡುಕುವುದು ಕಷ್ಟ. ಎಂಜಿನ್‌ಎಕ್ಸ್‌ನಲ್ಲಿ ಎಚ್‌ಟಿಟಿಪಿಎಸ್ ಬರುವ ಪೋರ್ಟ್ 443ಕ್ಕೆ ಎರಡು ಸರ್ವರ್ ಬ್ಲಾಕ್ (ಒಂದೊಂದು ಹೆಸರಿಗೆ ಬರೆದ ನಿಯಮಗಳ ಗುಂಪು) ಇವೆ ಎಂದುಕೊಳ್ಳಿ. ಮೊದಲನೆಯದು ಎಕ್ಸಾಂಪಲ್.ಕಾಂ ಎಂದು ಬಂದವರನ್ನು ಮೂರು ಡಬ್ಲ್ಯು ಇರುವ ವಿಳಾಸಕ್ಕೆ ಕಳಿಸುತ್ತದೆ. ಎರಡನೆಯದು ಮೂರು ಡಬ್ಲ್ಯು ವಿಳಾಸದಲ್ಲಿ ನಿಜವಾದ ಸೈಟ್ ತೋರಿಸುತ್ತದೆ. ಓದಿದರೆ ಎಲ್ಲ ಸರಿ. ಆದರೆ ಎರಡನೆಯದರ ಸರ್ವರ್ ನೇಮ್ ಸಾಲಿನಲ್ಲಿ ಒಂದಕ್ಷರ ತಪ್ಪಾಗಿದೆ, ಅಥವಾ ಆ ಫೈಲನ್ನು ಸೇರಿಸಿಕೊಳ್ಳುವ ಇನ್‌ಕ್ಲೂಡ್ ಸಾಲೇ ಇಲ್ಲ. ಹೆಸರು ಯಾವುದಕ್ಕೂ ಹೊಂದದಿದ್ದರೆ ಎಂಜಿನ್‌ಎಕ್ಸ್ ಎರರ್ ಕೊಡುವುದಿಲ್ಲ. ಆ ಪೋರ್ಟ್‌ನ ಡೀಫಾಲ್ಟ್ ಬ್ಲಾಕ್‌ಗೆ ಕೊಡುತ್ತದೆ. ಡೀಫಾಲ್ಟ್ ಎಂದು ನೀವು ಯಾವುದನ್ನೂ ಗುರುತಿಸಿಲ್ಲದಿದ್ದರೆ ಮೊದಲು ಓದಿದ ಬ್ಲಾಕೇ ಡೀಫಾಲ್ಟ್. ಅಂದರೆ ನಮ್ಮ ರಿಡೈರೆಕ್ಟ್ ಬ್ಲಾಕ್. ಮೂರು ಡಬ್ಲ್ಯು ವಿಳಾಸಕ್ಕೆ ಬಂದವರನ್ನೂ ಅದು ಮೂರು ಡಬ್ಲ್ಯು ವಿಳಾಸಕ್ಕೇ ಕಳಿಸುತ್ತದೆ!

ಫೈಲ್‌ಗಳನ್ನು ಒಂದೊಂದಾಗಿ ತೆರೆದು ಓದಿದರೆ ಇದು ಕಣ್ಣಿಗೆ ಬೀಳುವುದಿಲ್ಲ. ಎಂಜಿನ್‌ಎಕ್ಸ್‌ಗೆ ದೊಡ್ಡಕ್ಷರದ ‘ಟಿ’ ಆಯ್ಕೆ ಕೊಟ್ಟರೆ ಅದು ನಿಜವಾಗಿ ಓದುವ ಇಡೀ ಕಾನ್ಫಿಗರೇಶನ್ ಒಟ್ಟಿಗೆ ತೋರಿಸುತ್ತದೆ. ಅಪಾಚೆಯಲ್ಲಿ ಅಪಾಚೆ-ಸಿಟಿಎಲ್‌ಗೆ ದೊಡ್ಡಕ್ಷರದ ‘ಎಸ್’ ಕೊಟ್ಟರೆ ಯಾವ ಪೋರ್ಟ್‌ಗೆ ಯಾವ ವರ್ಚುವಲ್ ಹೋಸ್ಟ್ ಡೀಫಾಲ್ಟ್ ಎನ್ನುವ ಪಟ್ಟಿಯೇ ಬರುತ್ತದೆ. ನಾವು ಬರೆದಿದ್ದೇವೆ ಎಂದುಕೊಂಡದ್ದು ಬೇರೆ, ಸರ್ವರ್ ಓದಿದ್ದು ಬೇರೆ ಆಗಿರುವುದು ತುಂಬಾ ಸಲ ಇಲ್ಲೇ ಗೊತ್ತಾಗುತ್ತದೆ.

ಇದರ ಚಿಕ್ಕ ತಮ್ಮನೂ ಒಬ್ಬ ಇದ್ದಾನೆ. 80 ಮತ್ತು 443 ಎರಡನ್ನೂ ಒಂದೇ ಸರ್ವರ್ ಬ್ಲಾಕ್‌ನಲ್ಲಿ ಕೇಳುವ ಹಾಗೆ ಮಾಡಿ, ಅದರೊಳಗೆ ಷರತ್ತಿಲ್ಲದೆ ಎಚ್‌ಟಿಟಿಪಿಎಸ್‌ಗೆ 301 ಬರೆಯುವುದು. 443ಕ್ಕೆ ಬಂದವರಿಗೂ ಅದೇ ಉತ್ತರ. ಎರಡು ಬ್ಲಾಕ್ ಮಾಡಿ, 80ರದ್ದಕ್ಕೆ ಬರೀ ರಿಡೈರೆಕ್ಟ್ ಕೆಲಸ ಕೊಡಿ.

ಅಪಾಚೆಯಲ್ಲಿ ಒಳಗಿನ ಸುತ್ತು, ಹೊರಗಿನ ಸುತ್ತು

ಡಾಟ್ ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ (ಸೈಟಿನ ಫೋಲ್ಡರ್‌ನೊಳಗೇ ಇಡುವ ಅಪಾಚೆ ನಿಯಮಗಳ ಫೈಲ್) ನಿಯಮ ಬರೆಯುವವರು ಒಂದು ವಿಷಯ ತಿಳಿದಿರಲೇಬೇಕು. ಅಲ್ಲಿ ವಿಳಾಸ ಒಳಗೊಳಗೇ ಬದಲಾದರೆ, ಹೊಸ ವಿಳಾಸಕ್ಕೆ ನಿಯಮಗಳೆಲ್ಲ ಮತ್ತೆ ಮೊದಲಿನಿಂದ ಓಡುತ್ತವೆ. ನಿಯಮದ ಕೊನೆಗೆ ‘ಎಲ್’ ಎಂದು ಹಾಕಿದ್ದೇವಲ್ಲ, ಇದೇ ಕೊನೆಯದು ಎಂದು ಹೇಳಿದ್ದೇವಲ್ಲ ಎಂದು ಕೇಳಬಹುದು. ಅದು ಈ ಸುತ್ತಿಗೆ ಮಾತ್ರ ಕೊನೆ. ಮುಂದಿನ ಸುತ್ತನ್ನು ಅದು ತಡೆಯುವುದಿಲ್ಲ. ಪೂರ್ತಿ ನಿಲ್ಲಿಸಲು ಅಪಾಚೆ 2.4ರಲ್ಲಿ ‘ಎಂಡ್’ ಎಂಬ ಬೇರೆ ಗುರುತೇ ಇದೆ.

ಇದರಿಂದ ಹುಟ್ಟುವ ಲೂಪ್ ಹೀಗಿರುತ್ತದೆ. ವಿಳಾಸದ ಕೊನೆಯಲ್ಲಿ ಇಂಡೆಕ್ಸ್.ಪಿಎಚ್‌ಪಿ ಕಾಣುವುದು ಚೆನ್ನಾಗಿಲ್ಲ ಎಂದು ಒಬ್ಬರು ನಿಯಮ ಬರೆಯುತ್ತಾರೆ: ಅದು ಇದ್ದರೆ ತೆಗೆದು ಬರೀ ಸ್ಲ್ಯಾಶ್‌ಗೆ ರಿಡೈರೆಕ್ಟ್ ಮಾಡು. ಬ್ರೌಸರ್ ಸ್ಲ್ಯಾಶ್ ಕೇಳುತ್ತದೆ. ಸ್ಲ್ಯಾಶ್‌ಗೆ ಯಾವ ಫೈಲ್ ಕೊಡಬೇಕು? ಇಂಡೆಕ್ಸ್.ಪಿಎಚ್‌ಪಿ. ಅಪಾಚೆ ಒಳಗೊಳಗೇ ಅದಕ್ಕೆ ಹೋಗುತ್ತದೆ. ನಿಯಮ ಮತ್ತೆ ಓಡುತ್ತದೆ, ಇಂಡೆಕ್ಸ್.ಪಿಎಚ್‌ಪಿ ಕಂಡಿತು ಎಂದು ಸ್ಲ್ಯಾಶ್‌ಗೆ ಕಳಿಸುತ್ತದೆ. ಬಳಕೆದಾರರು ಬರೆದ ವಿಳಾಸ ಮತ್ತು ಸರ್ವರ್ ತನ್ನೊಳಗೆ ಹಾಕಿಕೊಂಡ ವಿಳಾಸ, ಇವೆರಡರ ವ್ಯತ್ಯಾಸ ಆ ನಿಯಮಕ್ಕೆ ಗೊತ್ತಿಲ್ಲ.

ಅದಕ್ಕೆಂದೇ ‘ದ ರಿಕ್ವೆಸ್ಟ್’ ಎಂಬ ವೇರಿಯಬಲ್ ಇದೆ. ಬ್ರೌಸರ್ ಕಳಿಸಿದ ಮೊದಲ ಸಾಲು ಅದರಲ್ಲಿ ಇದ್ದ ಹಾಗೇ ಇರುತ್ತದೆ. ಒಳಗೆ ಎಷ್ಟು ಸಲ ಬದಲಾದರೂ ಅದು ಬದಲಾಗುವುದಿಲ್ಲ. ಆ ಸಾಲಿನಲ್ಲಿ ಇಂಡೆಕ್ಸ್.ಪಿಎಚ್‌ಪಿ ಇದ್ದರೆ ಮಾತ್ರ ರಿಡೈರೆಕ್ಟ್ ಮಾಡು ಎಂದು ಷರತ್ತು ಹಾಕಿದರೆ ಲೂಪ್ ಅಲ್ಲಿಗೇ ನಿಲ್ಲುತ್ತದೆ.

ಸ್ಲ್ಯಾಶ್ ವಿಷಯವೂ ಹೀಗೇ. ಕೊನೆಯ ಸ್ಲ್ಯಾಶ್ ತೆಗೆಯುವ ನಿಯಮ ನೀವು ಬರೆದಿರುತ್ತೀರಿ. ಆದರೆ ಆ ಹೆಸರಿನ ಫೋಲ್ಡರ್ ಡಿಸ್ಕ್ ಮೇಲೆ ನಿಜವಾಗಿಯೂ ಇದ್ದರೆ, ಅಪಾಚೆಯ ಡೈರೆಕ್ಟರಿ ಮಾಡ್ಯೂಲ್ ತಾನಾಗಿ ಸ್ಲ್ಯಾಶ್ ಸೇರಿಸಿ ಕಳಿಸುತ್ತದೆ. ನಿಮ್ಮ ನಿಯಮಕ್ಕೆ ‘ಇದು ಫೋಲ್ಡರ್ ಅಲ್ಲದಿದ್ದರೆ ಮಾತ್ರ’ ಎಂದು ಷರತ್ತು ಹಾಕಿ. ಟೆಸ್ಟ್ ಮಾಡುವಾಗ ಎಲ್ಲ ಪುಟ ಸರಿ ಇದ್ದು ಒಂದೆರಡು ಪುಟ ಮಾತ್ರ ಸುತ್ತುತ್ತಿದ್ದರೆ ಮೊದಲು ಇದನ್ನೇ ನೋಡಿ.

ಸುತ್ತು ಪೂರ್ತಿ ಸರ್ವರ್ ಒಳಗೇ ನಡೆದರೆ ಬ್ರೌಸರ್‌ಗೆ ರಿಡೈರೆಕ್ಟ್ ಕಾಣುವುದೇ ಇಲ್ಲ, 500 ಎಂಬ ಸರ್ವರ್ ಎರರ್ ಕಾಣುತ್ತದೆ. ಅಪಾಚೆಯೂ ಎಂಜಿನ್‌ಎಕ್ಸೂ ಮಾಮೂಲಾಗಿ 10 ಒಳಸುತ್ತಿನ ಮಿತಿ ಇಟ್ಟುಕೊಂಡಿವೆ. ಅದು ದಾಟಿದರೆ ಎರರ್ ಲಾಗ್‌ನಲ್ಲಿ ಸ್ಪಷ್ಟವಾಗಿ ಬರೆಯುತ್ತವೆ. ಎಂಜಿನ್‌ಎಕ್ಸ್‌ನಲ್ಲಿ ಇದು ಬರುವುದು ಹೆಚ್ಚಾಗಿ ಟ್ರೈ ಫೈಲ್ಸ್ ಸಾಲಿನಿಂದ. ಏನೂ ಸಿಗದಿದ್ದರೆ ಇಂಡೆಕ್ಸ್.ಎಚ್‌ಟಿಎಂಎಲ್ ಕೊಡು ಎಂದು ಬರೆದಿರುತ್ತೇವೆ, ಆದರೆ ಬಿಲ್ಡ್ ಕೆಟ್ಟು ಆ ಫೈಲೇ ಅಲ್ಲಿರುವುದಿಲ್ಲ. ಅದನ್ನು ಹುಡುಕಲು ಹೋಗಿ ಮತ್ತೆ ಟ್ರೈ ಫೈಲ್ಸ್‌ಗೇ ಬಂದು ಬೀಳುತ್ತದೆ. ರೂಟ್ ಫೋಲ್ಡರ್ ದಾರಿ ಸರಿಯಾಗಿದೆಯಾ, ಫೈಲ್ ಇದೆಯಾ ನೋಡಿ. ನಿಯಮ ತಿದ್ದುವ ಅಗತ್ಯವೇ ಬರುವುದಿಲ್ಲ.

ಸರಿಪಡಿಸಿದ ಮೇಲೂ ಸುತ್ತುತ್ತಿದ್ದರೆ

ಇದು ನಿಜಕ್ಕೂ ತಲೆ ತಿನ್ನುವ ಹಂತ. ಸರಿಯಾದ ಸಾಲನ್ನೇ ಹಾಕಿರುತ್ತೀರಿ, ಬ್ರೌಸರ್ ಕೇಳುವುದಿಲ್ಲ. ಇನ್ನೇನೋ ತಪ್ಪಿದೆ ಎಂದು ಸರಿ ಇದ್ದದ್ದನ್ನೂ ಕೆಡಿಸಿಬಿಡುತ್ತೇವೆ.

ಮೊದಲನೆಯ ಕಾರಣ 301 ತಾನೇ. ಶಾಶ್ವತ ಎಂದು ನೀವೇ ಹೇಳಿದ್ದೀರಿ, ಬ್ರೌಸರ್ ನಂಬಿ ನೆನಪಿಟ್ಟುಕೊಂಡಿದೆ. ಮುಂದಿನ ಸಲ ಸರ್ವರನ್ನು ಕೇಳದೆಯೇ ಹಳೆಯ ದಾರಿ ಹಿಡಿಯುತ್ತದೆ. ನಿಮ್ಮ ಬ್ರೌಸರ್ ಕ್ಯಾಶ್ ನೀವು ಅಳಿಸಬಹುದು. ನಿನ್ನೆ ಸೈಟ್‌ಗೆ ಬಂದು ಹೋದವರದ್ದನ್ನು ಅಳಿಸಲು ಆಗುವುದಿಲ್ಲ ಅಲ್ವಾ? ಅದಕ್ಕೇ ಹೊಸ ನಿಯಮವನ್ನು ಯಾವಾಗಲೂ 302 ಆಗಿ ಶುರು ಮಾಡಿ. ಕೆಲವು ದಿನ ಸರಿಯಾಗಿ ನಡೆದ ಮೇಲೆ 301 ಮಾಡಿ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ.

ಎರಡನೆಯದು ಸಿಡಿಎನ್‌ನ ಕ್ಯಾಶ್. ಸಿಡಿಎನ್ ಉತ್ತರಗಳನ್ನು ಇಟ್ಟುಕೊಳ್ಳುವಾಗ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಬೇರೆ ಬೇರೆ ಎಂದು ನೋಡದ ಹಾಗೆ ಸೆಟ್ ಆಗಿದ್ದರೆ ಒಂದು ವಿಚಿತ್ರ ನಡೆಯುತ್ತದೆ. ಯಾರೋ ಎಚ್‌ಟಿಟಿಪಿಯಲ್ಲಿ ಬಂದಾಗ ಕೊಟ್ಟ ‘ಎಚ್‌ಟಿಟಿಪಿಎಸ್‌ಗೆ ಹೋಗಿ’ ಎಂಬ ಉತ್ತರ ಕ್ಯಾಶ್‌ನಲ್ಲಿ ಕೂರುತ್ತದೆ. ಆಮೇಲೆ ಎಚ್‌ಟಿಟಿಪಿಎಸ್‌ನಲ್ಲಿ ಬಂದವರಿಗೂ ಅದನ್ನೇ ಕೊಡುತ್ತದೆ. ಸರ್ವರ್ ಲಾಗ್‌ನಲ್ಲಿ ರಿಕ್ವೆಸ್ಟೇ ಕಾಣುವುದಿಲ್ಲ, ಯಾಕೆಂದರೆ ಅದು ನಿಮ್ಮವರೆಗೆ ಬಂದೇ ಇಲ್ಲ. ಕ್ಯಾಶ್ ಖಾಲಿ ಮಾಡಿ, ಕ್ಯಾಶ್ ಕೀಗೆ (ಯಾವ ಉತ್ತರ ಯಾವುದಕ್ಕೆ ಎಂದು ಗುರುತಿಸುವ ಹೆಸರು) ಸ್ಕೀಮ್ ಸೇರಿಸಿ.

ಮೂರನೆಯದು ಎಚ್‌ಎಸ್‌ಟಿಎಸ್. 2012ರಲ್ಲಿ ಮಾನದಂಡವಾದ ಈ ಹೆಡರ್ ಒಮ್ಮೆ ಸಿಕ್ಕರೆ, ಅದರಲ್ಲಿ ಹೇಳಿದ ಅವಧಿಯವರೆಗೆ ಬ್ರೌಸರ್ ಆ ಡೊಮೇನ್‌ಗೆ ಎಚ್‌ಟಿಟಿಪಿಯಲ್ಲಿ ಹೋಗುವುದೇ ಇಲ್ಲ. ಎಚ್‌ಟಿಟಿಪಿ ಎಂದು ಬರೆದರೂ ತಾನೇ ಎಚ್‌ಟಿಟಿಪಿಎಸ್ ಮಾಡಿಕೊಳ್ಳುತ್ತದೆ. ಕ್ರೋಮ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಇದು 307 ಇಂಟರ್ನಲ್ ರಿಡೈರೆಕ್ಟ್ ಎಂದು ಕಾಣುತ್ತದೆ. ನಿಮ್ಮ ಸರ್ವರ್‌ನಲ್ಲಿ ಯಾವುದೋ ಹಳೆಯ ನಿಯಮ ಎಚ್‌ಟಿಟಿಪಿಎಸ್‌ನಿಂದ ಎಚ್‌ಟಿಟಿಪಿಗೆ ಇಳಿಸುತ್ತಿದ್ದರೆ ಬ್ರೌಸರ್ ಹತ್ತಿಸುತ್ತದೆ, ಸರ್ವರ್ ಇಳಿಸುತ್ತದೆ. ಕರ್ಲ್‌ಗೆ ಮಾಮೂಲಾಗಿ ಈ ನೆನಪು ಇಲ್ಲದ್ದರಿಂದ ಅಲ್ಲಿ ಪುಟ ಸರಾಗವಾಗಿ ಬರುತ್ತದೆ. ಕರ್ಲ್‌ನಲ್ಲಿ ಸರಿ, ಬ್ರೌಸರ್‌ನಲ್ಲಿ ಲೂಪ್ ಎಂದಾದರೆ ಮೊದಲನೆಯದು ಅಥವಾ ಮೂರನೆಯದು, ಇಲ್ಲವೇ ಕುಕಿ.

ಕುಕಿ ಅಳಿಸಿ ಎಂದು ಬ್ರೌಸರ್ ಹೇಳುವುದು ಸುಮ್ನೆ ಅಲ್ಲ

ಲಾಗಿನ್ ಇರುವ ಸೈಟ್‌ಗಳಲ್ಲಿ ಲೂಪ್ ಹೀಗೆ ಬರುತ್ತದೆ. ಮುಖಪುಟ ಹೇಳುತ್ತದೆ, ನೀವು ಯಾರೋ ಗೊತ್ತಿಲ್ಲ, ಲಾಗಿನ್‌ಗೆ ಹೋಗಿ. ಲಾಗಿನ್ ಪುಟ ಹೇಳುತ್ತದೆ, ನೀವು ಆಗಲೇ ಒಳಗಿದ್ದೀರಿ, ಮುಖಪುಟಕ್ಕೆ ಹೋಗಿ. ಇಬ್ಬರೂ ಬೇರೆ ಬೇರೆ ಕುಕಿ ನೋಡುತ್ತಿರುತ್ತಾರೆ, ಅಥವಾ ಒಂದೇ ಕುಕಿಯನ್ನು ಒಬ್ಬರು ಇದೆಯಾ ಎಂದು ಮಾತ್ರ ನೋಡುತ್ತಾರೆ, ಇನ್ನೊಬ್ಬರು ಅದರ ಅವಧಿ ಮುಗಿದಿದೆಯಾ ಎಂದೂ ನೋಡುತ್ತಾರೆ. ಎರಡೂ ಕಡೆ ಒಂದೇ ಪರೀಕ್ಷೆ ಇರುವ ಹಾಗೆ ಮಾಡಿ.

ಕುಕಿ ಉಳಿಯದೇ ಹೋಗುವುದೂ ಇದೆ. ಡೊಮೇನ್ ತಪ್ಪಿದ್ದರೆ ಬ್ರೌಸರ್ ಅದನ್ನು ಸದ್ದಿಲ್ಲದೆ ಎಸೆಯುತ್ತದೆ. ಸೆಕ್ಯೂರ್ ಗುರುತು ಇರುವ ಕುಕಿಯನ್ನು ಎಚ್‌ಟಿಟಿಪಿಯಲ್ಲಿ ಕಳಿಸುವುದಿಲ್ಲ. ಇನ್ನೊಂದು ಹಳೆಯ ತಪ್ಪು: ಲಾಗಿನ್ ಆಗದವರನ್ನು ಲಾಗಿನ್ ಪುಟಕ್ಕೆ ಕಳಿಸು ಎಂಬ ನಿಯಮ ಲಾಗಿನ್ ಪುಟಕ್ಕೂ ಅನ್ವಯವಾಗುವುದು. ಬೀಗದ ಕೈಯನ್ನು ಬೀಗ ಹಾಕಿದ ಪೆಟ್ಟಿಗೆಯೊಳಗೇ ಇಟ್ಟ ಹಾಗೆ. ಆ ಪುಟವನ್ನೂ ಅದಕ್ಕೆ ಬೇಕಾದ ಚಿತ್ರ, ಸ್ಟೈಲ್ ಫೈಲ್‌ಗಳನ್ನೂ ನಿಯಮದಿಂದ ಹೊರಗಿಡಿ.

ಕನ್ನಡದಲ್ಲಿ ವಿಳಾಸ ಇಡುವವರಿಗೆ ಒಂದು ಮಾತು. ‘ಕ’ ಎಂಬ ಒಂದಕ್ಷರ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಆಗಿಸುವ ಪದ್ಧತಿ) ಮೂರು ಬೈಟ್. ವಿಳಾಸದಲ್ಲಿ ಅದು ಶೇಕಡಾ ಚಿಹ್ನೆ ಹೊತ್ತ ಮೂರು ತುಂಡಾಗಿ ಹೋಗುತ್ತದೆ, ಅದರೊಳಗೆ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಎಲ್ಲ ವಿಳಾಸವನ್ನೂ ಚಿಕ್ಕಕ್ಷರಕ್ಕೆ ತಿರುಗಿಸು ಎಂದು ಸರ್ವರ್‌ನಲ್ಲಿ ಒಂದು ನಿಯಮ, ದೊಡ್ಡಕ್ಷರವೇ ಸರಿ ಎನ್ನುವ ಆ್ಯಪ್ ಇನ್ನೊಂದು ಕಡೆ ಇದ್ದರೆ ಕನ್ನಡ ಪುಟಗಳು ಮಾತ್ರ ಸುತ್ತುತ್ತವೆ. ಇಂಗ್ಲಿಷ್ ಹೆಸರಿನ ಪುಟಗಳೆಲ್ಲ ಚೆನ್ನಾಗಿರುತ್ತವೆ. ಕರ್ಲ್ ತೋರಿಸಿದ ಎರಡು ವಿಳಾಸಗಳನ್ನು ಒಂದರ ಕೆಳಗೊಂದು ಇಟ್ಟು ಅಕ್ಷರ ಅಕ್ಷರ ಹೋಲಿಸಿದರೆ ಮಾತ್ರ ಇದು ಕಾಣುತ್ತದೆ. ಸರ್ವರ್‌ನ ನಿಯಮಕ್ಕೆ ಶೇಕಡಾ ಚಿಹ್ನೆ ಇರುವ ವಿಳಾಸ ಮುಟ್ಟಬೇಡ ಎಂದು ಹೇಳಿ.

ಮುಗಿಯಿತು ಎಂದು ಯಾವಾಗ ಹೇಳಬಹುದು

ಎಲ್ಲಕ್ಕೂ ಮೊದಲು, ಯಾವ ಕೆಲಸ ಯಾರದ್ದು ಎಂದು ಹಂಚಿ. ನನ್ನ ಅಭ್ಯಾಸ ಹೀಗೆ: ಎಚ್‌ಟಿಟಿಪಿಎಸ್ ಮತ್ತು ಮೂರು ಡಬ್ಲ್ಯು ತೀರ್ಮಾನ ಹೊರಗಿನ ಬಾಗಿಲಿನದು. ಸ್ಲ್ಯಾಶ್, ಭಾಷೆ, ಲಾಗಿನ್ ಆ್ಯಪ್‌ನದು. ನಡುವಿನವರು ಯಾವ ರಿಡೈರೆಕ್ಟೂ ಮಾಡುವುದಿಲ್ಲ. ನಡುವಿನ ಸರ್ವರ್ ಎಲ್ಲರನ್ನೂ ಎಚ್‌ಟಿಟಿಪಿಎಸ್‌ಗೆ ಕಳಿಸುತ್ತಿದ್ದರೆ ಲೋಡ್ ಬ್ಯಾಲೆನ್ಸರ್‌ನ ಹೆಲ್ತ್ ಚೆಕ್‌ಗೂ (ಸರ್ವರ್ ಸರಿ ಇದೆಯಾ ಎಂಬ ಪರೀಕ್ಷೆ) 200, ಅಂದರೆ ಎಲ್ಲ ಸರಿ ಎಂಬ ಉತ್ತರದ ಬದಲು 301 ಸಿಕ್ಕಿ, ಚೆನ್ನಾಗಿರುವ ಸರ್ವರನ್ನೇ ಅದು ಕೆಟ್ಟಿದೆ ಎಂದು ಪಕ್ಕಕ್ಕಿಡಬಹುದು.

ಆಮೇಲೆ ಕರ್ಲ್ ತೆಗೆದುಕೊಂಡು ನಾಲ್ಕು ವಿಳಾಸ ಕೇಳಿ: ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್, ಎರಡರಲ್ಲೂ ಮೂರು ಡಬ್ಲ್ಯು ಇದ್ದು ಮತ್ತು ಇಲ್ಲದೆ. ಮುಖಪುಟಕ್ಕೆ ಮಾತ್ರ ಅಲ್ಲ, ಪ್ರಶ್ನೆ ಚಿಹ್ನೆ ಇರುವ ಯಾವುದಾದರೂ ಒಳಪುಟಕ್ಕೂ. ಮೂರರಲ್ಲಿ ಒಂದೇ ಜಿಗಿತಕ್ಕೆ ನಾಲ್ಕನೆಯದು ಸಿಗಬೇಕು, ನಾಲ್ಕನೆಯದು ನೇರವಾಗಿ 200 ಕೊಡಬೇಕು. ಎಚ್‌ಎಸ್‌ಟಿಎಸ್ ಪ್ರೀಲೋಡ್ ಪಟ್ಟಿಗೆ (ಬ್ರೌಸರ್‌ನೊಳಗೆ ಮೊದಲೇ ಸೇರಿಸಿಟ್ಟ ಡೊಮೇನ್‌ಗಳ ಪಟ್ಟಿ) ಸೇರಬೇಕೆಂದಿದ್ದರೆ ಮಾತ್ರ ಎಚ್‌ಟಿಟಿಪಿ ವಿಳಾಸ ಮೊದಲು ಅದೇ ಹೆಸರಿನ ಎಚ್‌ಟಿಟಿಪಿಎಸ್‌ಗೆ ಹೋಗಬೇಕು, ಆಗ ಒಂದು ವಿಳಾಸಕ್ಕೆ ಎರಡು ಜಿಗಿತ ಆಗುತ್ತದೆ. ಅದು ಪರವಾಗಿಲ್ಲ. ಲಾಗ್ ಫಾರ್ಮ್ಯಾಟ್‌ಗೆ ಸೇರಿಸಿದ ಆ ನಾಲ್ಕು ವಿಷಯಗಳನ್ನು ಮಾತ್ರ ತೆಗೆಯಬೇಡಿ, ಅಲ್ಲೇ ಇರಲಿ.